ಮುಖಕ್ಕೆ ಹೇಳುವಾಕೆ

ಆಕೆಗಿಂತ ಮೊದಲು ಆಕೆಯ ಕಂಠ ಬರುತ್ತಿತ್ತು. ಈಜುಕೊಳದ ನೀರಿನ ಗದ್ದಲವನ್ನೂ ಮಕ್ಕಳ ಹಿಂಡಿನ ಕೇಕೆಯನ್ನೂ ಸೀಳಿಕೊಂಡು "ಮೊಣಕಾಲು ಮಡಚಬೇಡ್ವೇ!" ಎಂಬ ಆಜ್ಞೆ ರಸ್ತೆಯ ತನಕ ಮೊಳಗಿದರೆ, ಈಜು ಕಲಿಸುವ ಅಕ್ಕ ಕೆಲಸಕ್ಕೆ ಬಂದಿದ್ದಾರೆಂದು ದಾರಿಹೋಕರಿಗೂ ಗೊತ್ತಾಗುತ್ತಿತ್ತು. ಬೇಸಿಗೆಯಲ್ಲೂ ಬಿಡದ, ತೋಳು ಮಾಸಿದ ನೀಲಿ ಕೋಟು. ಒದ್ದೆ ನೆಲದ ಮೇಲೂ ಜಾರದ, ಹಿಮ್ಮಡಿಯೂರಿ ಇಡುವ ಅಗಲ ಹೆಜ್ಜೆ. ಯಾರೊಡನೆ ಮಾತಾಡುವಾಗಲೂ ಮೊಳ ದೂರಕ್ಕೆ ಬಂದು ನಿಂತು, ಕಣ್ಣಲ್ಲಿ ಕಣ್ಣಿಟ್ಟು, "ಹೇಳೋದಿದ್ರೆ ಮುಖಕ್ಕೆ ಹೇಳು" ಎನ್ನುವ ಹಟ. ಬೆನ್ನ ಹಿಂದೆ ಆಡುವ ಮಾತು ಆಕೆಯ ದೃಷ್ಟಿಯಲ್ಲಿ ಎಂಜಲಿಗೆ ಸಮಾನ.

ಅಂಥವರ ಮೇಲೆ, ಮುಖವೇ ಇಲ್ಲದ ಯಾರೋ, ಊರವರೆಲ್ಲ ಓದುವ ಅಂತರ್ಜಾಲದ ಪುಟವೊಂದರಲ್ಲಿ ಬರೆದರು: ಈಜಿನ ಟೀಚರು ಮಾತು ಕೇಳದ ಮಗುವನ್ನು ಶಿಕ್ಷೆಗೆಂದು ಆಳದ ನೀರಿಗೆ ತಳ್ಳಿದರಂತೆ. ಹೆಸರಿನ ಜಾಗದಲ್ಲಿ 'ನೊಂದ ತಾಯಿ' ಎಂದಷ್ಟೇ ಇತ್ತು. ಯಾವ ಮಗು, ಯಾವತ್ತು ಎಂದು ಒಬ್ಬರೂ ಕೇಳಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಓದಿದವರು ಓದದವರಿಗೆ ಹೇಳಿದರು; ಆಕೆಯನ್ನು ಕಂಡ ತಾಯಂದಿರು ಮಕ್ಕಳ ಕೈಹಿಡಿದು ರಸ್ತೆಯ ಆಚೆ ಬದಿಗೆ ದಾಟಿದರು; ಈಜುಕೊಳದ ಸಮಿತಿಯವರು "ಸ್ವಲ್ಪ ದಿನ ಮನೇಲಿರಿ" ಎಂದರು. ಎದುರಾದವರನ್ನೆಲ್ಲ ಎದುರಿಸಿಯೇ ಬದುಕಿದ ಜೀವ, ಈಗ ಯಾರ ಎದುರು ನಿಲ್ಲಬೇಕೆಂದೇ ತಿಳಿಯದೆ, ಅಡುಗೆಮನೆಯ ಕಿಟಕಿಯ ಬಳಿ ಕೂತು, ಪರಿಚಿತರ ಮುಖಗಳನ್ನು ಒಂದೊಂದಾಗಿ ನೆನೆದು 'ಇವಳೇ? ಇವನೇ?' ಎಂದು ಶಂಕಿಸತೊಡಗಿತು. ಸುಳ್ಳಿಗಿಂತ ಆ ಶಂಕೆಯೇ ತನ್ನನ್ನು ಹೆಚ್ಚು ಕೆಡಿಸಿತೆಂದು ಆಕೆ ಮುಂದೊಮ್ಮೆ ಹೇಳಿದ್ದುಂಟು.

ಕೊನೆಗೆ ನ್ಯಾಯಾಲಯದ ಮೆಟ್ಟಿಲೇರಿದರು. ಬರೆದವರ ಗುರುತು ಕೊಡಬೇಕೆಂದು ನ್ಯಾಯಾಧೀಶರು ಪುಟ ನಡೆಸುವವರಿಗೆ ಆಜ್ಞೆ ಮಾಡಿದಾಗ ಹೊರಬಿದ್ದ ಹೆಸರು ಯಾವ ತಾಯಿಯದೂ ಆಗಿರಲಿಲ್ಲ. ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೂರುವ, ದಿನವೂ ಆಕೆಯ ಜೊತೆ ಚಹಾ ಕುಡಿಯುತ್ತಿದ್ದ ಹೆಂಗಸಿನದು.

ವಕೀಲರ ಕೋಣೆಯಲ್ಲಿ ಇಬ್ಬರೂ ಎದುರುಬದುರಾದರು.

"ಸಿಟ್ಟಿದ್ರೆ ನನ್ನ ಮುಖಕ್ಕೆ ಹೇಳ್ಬಾರ್ದಿತ್ತೇನೇ?"

"ಹೇಳೋಕೆ ಬಿಡ್ತಿದ್ರಾ ಅಕ್ಕಾ?" ಟಿಕೆಟಿನವಳು ಕೇಳಿದಳು. "ಬಾಗಿಲು ತೆಗೆಯೋಕೆ ತಡ ಆಯ್ತು ಅಂತ ಅಷ್ಟು ಜನರ ಎದುರು ಕೂಗಾಡಿದ್ರಿ. ನನ್ ಗಂಡ ಆಸ್ಪತ್ರೇಲಿದ್ರು. ಅದನ್ನ ಹೇಳೋಣ ಅಂತ ಬಾಯಿ ತೆರೆದೆ. ನಿಮ್ಮ ದನಿ ಮುಂದೆ ನನ್ ದನಿ ಎಲ್ಲಿ ಕೇಳ್ಬೇಕು?"

ಆಕೆ ವಕೀಲರಿಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ, "ಕೂಗಾಡಿದ್ದು ನನ್ನ ತಪ್ಪು. ಬರ್ದಿದ್ದು ನಿನ್ನ ತಪ್ಪು. ಒಂದಕ್ಕೊಂದು ವಜಾ ಆಗಲ್ಲ" ಎಂದರು. ಪರಿಹಾರ ಬೇಡ, ಅದೇ ಪುಟದಲ್ಲಿ, ಸ್ವಂತ ಹೆಸರು ಹಾಕಿ, ಬರೆದದ್ದು ಸುಳ್ಳೆಂದು ಬರೆದರೆ ಸಾಕೆಂದರು. ಅವಳು ಬರೆದಳು. ಸುಳ್ಳನ್ನು ಓದಿದವರಲ್ಲಿ ಅರ್ಧದಷ್ಟು ಮಂದಿಯೂ ಅದನ್ನು ಓದಲಿಲ್ಲ. ಕೆಲಸ ಮರಳಿತು, ಮಕ್ಕಳೆಲ್ಲ ಮರಳಲಿಲ್ಲ.

ಇದೇ ಸಮಯವೆಂದು ಸಮಿತಿಯವರು, ಆ ಪುಟದಲ್ಲಿ ಹೆಸರಿಲ್ಲದೆ ಬರೆಯುವುದನ್ನೇ ನಿಷೇಧಿಸಬೇಕೆಂಬ ಮನವಿಯೊಂದನ್ನು ಸಿದ್ಧಪಡಿಸಿ, ಮೊದಲ ಸಹಿ ನಿಮ್ಮದೇ ಆಗಲೆಂದು ಆಕೆಯ ಬಳಿಗೆ ಬಂದರು. ಆಕೆ ಅಧ್ಯಕ್ಷರ ಮುಖವನ್ನೇ ದಿಟ್ಟಿಸಿದರು.

"ಹುಡುಗೀರು ಬಟ್ಟೆ ಬದಲಿಸೋ ಕೋಣೆ ಗೋಡೇಲಿ ತೂತಿದೆ, ಯಾರೋ ಇಣುಕ್ತಾರೆ ಅಂತ ಇದೇ ಪುಟದಲ್ಲಿ ಬರೆದೋಳು ಹೆಸರು ಹಾಕಿದ್ಲಾ? ಅವಳು ಬರೀದೇ ಇದ್ದಿದ್ರೆ ನೀವು ಅದನ್ನ ಮುಚ್ಚಿಸ್ತಿದ್ರಾ?"

"ಅದು ಬೇರೆ ವಿಷಯ, ನಿಮಗೆ ಆಗಿದ್ದು..."

"ನನಗೆ ಕೋರ್ಟಿತ್ತು, ಹೋದೆ. ಹೆದರಿಕೊಂಡ ಹುಡುಗಿಗೆ ಏನಿತ್ತು?"

ಸಹಿ ಹಾಕಲಿಲ್ಲ.

ಮುಖಕ್ಕೆ ಮಾತಾಡುವವರೆಂದರೆ ಲೋಕಕ್ಕೆ ಗೌರವ, ಅವರಿಗೂ ತಮ್ಮ ಬಗ್ಗೆ ಕೊಂಚ ಅಭಿಮಾನ. ಆದರೆ ಗಟ್ಟಿ ಕಂಠ ಪಡೆದು ಬಂದವರಿಗೆ ನೇರ ಮಾತು ಗುಣಕ್ಕಿಂತ ಹೆಚ್ಚಾಗಿ ಅನುಕೂಲ. ಎದುರು ನಿಂತವರ ನಾಲಿಗೆ ಎಲ್ಲಿ ಉಡುಗಿತೆಂದು ಅವರು ತಿರುಗಿ ನೋಡುವುದು ಕಡಿಮೆ. ತನ್ನನ್ನು ಗಾಯಗೊಳಿಸಿದ ಹೆಸರಿಲ್ಲದ ಮರೆಯೇ ಇನ್ನೊಬ್ಬಳಿಗೆ ಆಸರೆಯೂ ಆಗಿತ್ತೆಂದು, ಆ ಗಾಯ ಮಾಯುವ ಮುನ್ನವೇ ಒಪ್ಪಿಕೊಳ್ಳಬಲ್ಲವರು ವಿರಳ. ಅಂಥವರ ನೇರತನಕ್ಕೆ ಮಾತ್ರ ಧೈರ್ಯವೆಂಬ ಹೆಸರು ಸಲ್ಲುತ್ತದೆ.