ಗಂಗೆಪೂಜೆಯ ದುಭಾಷಿ

ಹಾಲಿನ ಕ್ಯಾನು ಬಗ್ಗಿತು. ನಿಲ್ಲಿಸಿ ಎಂದು ಕೂಗಬೇಕೆಂದುಕೊಂಡ ಚಿದಂಬರ. ಗಂಟಲಿನಿಂದ ಕೆಮ್ಮು ಮಾತ್ರ ಬಂತು.

ಮಲ್ಲೇಶ್ವರದ ಕಾಲೇಜೊಂದರ ಹಿಂದಿರುವ ಹಳೆಯ ಕಲ್ಯಾಣಿಯಲ್ಲಿ ಹಾಲು ಬೆಳ್ಳಗೆ ಹರಡಿಕೊಂಡಿತು. ಅದರ ಹಿಂದೆಯೇ ಅರಿಸಿನ, ಕುಂಕುಮ, ಸೇವಂತಿಗೆ ಬಿದ್ದವು. ಕಾಲೇಜಿನ ಟ್ರಸ್ಟಿನ ಅಧ್ಯಕ್ಷ ರೇವಣಸಿದ್ದಯ್ಯನವರು ಪಂಚೆ ಎತ್ತಿ ಕಟ್ಟಿ, ಕೊನೆಯ ಮೆಟ್ಟಿಲ ಮೇಲೆ ನಿಂತು ಗಂಗೆಗೆ ಆರತಿ ಎತ್ತಿದರು. ಎಸ್ಟೋನಿಯಾದಿಂದ ಬಂದಿದ್ದ ಹುಡುಗ ಹುಡುಗಿಯರು ಮೊಬೈಲ್ ಎತ್ತಿದರು.

ಇನ್ನು ಸ್ವಲ್ಪ ಹೊತ್ತಿಗೆ ಇದೇ ನೀರನ್ನು ಪರೀಕ್ಷೆ ಮಾಡಬೇಕಿತ್ತು. ಅಲ್ಲಿ ಅವರ ಊರಿನ ಕೆರೆ, ಇಲ್ಲಿ ಈ ಕಲ್ಯಾಣಿ. ಎರಡೂ ಕಡೆಯ ವಿದ್ಯಾರ್ಥಿಗಳು ಮಳೆಗಾಲದಿಂದ ವಾರವಾರವೂ ನೀರು ತೆಗೆದು, ಅದರಲ್ಲಿ ಆಮ್ಲಜನಕವೆಷ್ಟು, ಕೊಳಕೆಷ್ಟು ಎಂದು ಅಳೆದು, ಇಂಗ್ಲಿಷಿನಲ್ಲಿ ಪರಸ್ಪರ ತಿಳಿಸುತ್ತಿದ್ದರು. ಪರಿಸರ ವಿಜ್ಞಾನವೂ ಆಯಿತು, ಇಂಗ್ಲಿಷೂ ಆಯಿತು ಎಂಬುದು ಈ ವಿನಿಮಯದ ಲೆಕ್ಕಾಚಾರ. ಇಂಗ್ಲಿಷು ಅವರಿಗೂ ತಾಯ್ನುಡಿಯಲ್ಲ. ಆದರೆ ಅವರು ತಪ್ಪು ಮಾತಾಡಿದರೆ ಮುದ್ದು, ನಮ್ಮವರು ತಪ್ಪು ಮಾತಾಡಿದರೆ ಕಾಲೇಜಿನ ಮಾನ ಹೋಗುತ್ತದೆ. ಆ ಮಾನ ಕಾಯಲು ಪ್ರಿನ್ಸಿಪಾಲರು ಇಂಗ್ಲಿಷ್ ಮೇಷ್ಟ್ರಾದ ಚಿದಂಬರನನ್ನು ದುಭಾಷಿಯಾಗಿ ನಿಲ್ಲಿಸಿದ್ದರು.

ಹಾಲು ಸುರಿದ ನೀರನ್ನು ಅಳೆದು ಯಾರಿಗೆ ಏನು ಹೇಳುವುದು? ಮುಠ್ಠಾಳರು, ಎಂದು ಅವನು ಒಳಗೊಳಗೇ ಹಲ್ಲು ಕಡಿದ. ಪೂಜೆ ಬೇಡವೆಂದವರು ಯಾರು? ಪರೀಕ್ಷೆ ಮುಗಿಸಿ ಮಾಡಬಹುದಿತ್ತಲ್ಲ. ಈ ಮಾತನ್ನು ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಯಲ್ಲೇ ಹೇಳಬಹುದಿತ್ತು. ಅಲ್ಲಿ ಅವನು ಒಳ್ಳೆಯ ಐಡಿಯಾ ಸಾರ್ ಎಂದು ಹೇಳಿ ಬಂದಿದ್ದ.

ವರ್ಷಗಳಿಂದ ಅವನು ಅಲ್ಲಿ ಗೆಸ್ಟ್ ಲೆಕ್ಚರರ್. ಬರುವ ಜೂನಿಗೆ ಪರ್ಮನೆಂಟ್ ಮಾಡೋಣ ಎಂದು ರೇವಣಸಿದ್ದಯ್ಯನವರು ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. ಆ ಕೈಯನ್ನು ನೆನೆದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ದಿನಕ್ಕೊಮ್ಮೆಯಾದರೂ ನೆನೆಯುತ್ತಿದ್ದ.

“ಏನ್ಸಾರ್ ಇದು?”

ಪಕ್ಕದಲ್ಲಿ ಬಿಂದು ನಿಂತಿದ್ದಳು. ಬಿ.ಎಸ್ಸಿ. ಕೊನೆಯ ವರ್ಷದವಳು. ರಜೆಯಲ್ಲೂ ಮತ್ತಿಕೆರೆಯಿಂದ ಬಂದು ನೀರು ಅಳೆದವಳು ಅವಳೊಬ್ಬಳೇ.

“ಸಂಪ್ರದಾಯ” ಎಂದ.

“ಇವತ್ತಿನ ರೀಡಿಂಗ್ ಹಾಳಾಯ್ತು ಸಾರ್. ಪಕ್ಕದ ಹೋಟ್ಲಿನ ಮೋರಿ ಇದಕ್ಕೆ ಸೋರ್ತಿದೆ ಅಂತ ಇವ್ರೆಲ್ಲರ ಎದುರಿಗೆ ತೋರಿಸ್ಬೇಕಿತ್ತು. ಈಗ ಏನೇ ಬಂದ್ರೂ ಹಾಲಿಂದ ಬಂತು ಅಂತಾರೆ.”

“ನೋಡೋಣ ಬಿಡು.”

“ಏನ್ ನೋಡೋದು? ನಿಮಗೆ ಮೊದ್ಲೇ ಗೊತ್ತಿತ್ತಾ?”

“ಮೈಕ್ ಬರ್ತಿದೆ, ಸುಮ್ನಿರು.”

ನಮ್ಮ ಹುಡುಗಿ ಎರಡು ಮಾತಾಡುತ್ತಾಳೆ ಎಂದು ಘೋಷಿಸಿದ ರೇವಣಸಿದ್ದಯ್ಯನವರು ಮೈಕನ್ನು ಬಿಂದುವಿನ ಕೈಗೆ ಕೊಟ್ಟರು. ಚಿದಂಬರ ಬರೆದುಕೊಟ್ಟ ಸ್ವಾಗತ ಭಾಷಣವನ್ನು ಅವಳು ಬಾಯಿಪಾಠ ಮಾಡಿದ್ದಳು. ಮೊದಲ ಸಾಲು ಹೇಳಿ ತಡೆದಳು. ಅವಳಿಗೆ ಸಿಟ್ಟು ಬಂದಿತ್ತು. ಆ ಭಾಷಣದಲ್ಲಿ ಸಿಟ್ಟಿಗೆ ಒಂದು ಪದವೂ ಇರಲಿಲ್ಲ.

“ಈ ನೀರು ಇವತ್ತು ಟೆಸ್ಟ್ ಮಾಡೋಕೆ ಲಾಯಕ್ಕಿಲ್ಲ” ಎಂದು ಕನ್ನಡದಲ್ಲೇ ಶುರುಮಾಡಿದಳು. “ನಾವೇ ಕೈಯಾರೆ ಕೆಡಿಸಿದೀವಿ. ಮುಂಚೆನೂ ಇದು ಗಲೀಜೇ ಇತ್ತು, ಇದಕ್ಕೆ ಮೋರಿ ನೀರು ಸೇರ್ತಿದೆ. ಎಷ್ಟು ಸಲ ಹೇಳಿದ್ರೂ ಯಾರೂ ಕೇಳ್ಲಿಲ್ಲ. ಮೇಷ್ಟ್ರೇ, ಇದನ್ನ ಅವ್ರಿಗೆ ಹೇಳಿ.”

ವಿದೇಶಿ ಮುಖಗಳೆಲ್ಲ ಚಿದಂಬರನತ್ತ ತಿರುಗಿದವು. ರೇವಣಸಿದ್ದಯ್ಯನವರೂ ನೋಡಿದರು. ಅವರ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ನಗುತ್ತಿರಲಿಲ್ಲ.

ಚಿದಂಬರನ ಇಂಗ್ಲಿಷು ಎಂದಿನಂತೆ ಸರಾಗವಾಗಿ ಹರಿಯಿತು. ಈ ನೀರು ನಮಗೆ ಬರೀ ನೀರಲ್ಲ ಎನ್ನುತ್ತಿದ್ದಾಳೆ ಈ ಹುಡುಗಿ. ತಲೆತಲಾಂತರದಿಂದ ಬಂದ ಇದನ್ನು ನಿಮಗೆ ಅರ್ಪಿಸಲು ಅವಳಿಗೆ ಬಹಳ ಹೆಮ್ಮೆಯಂತೆ. ಜೋರಾಗಿ ಚಪ್ಪಾಳೆ ಬಿತ್ತು.

ಬಿಂದು ಇಂಗ್ಲಿಷ್ ಮಾತಾಡಲು ತಡವರಿಸುತ್ತಿದ್ದಳೇ ಹೊರತು ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಕಲಿಸಿದವನು ಅವನೇ.

“ನಾಚಿಕೆ ಆಗಲ್ವಾ ಸಾರ್?”

ಮೈಕನ್ನು ಅವನ ಎದೆಗೆ ಒತ್ತಿ, ಮೆಟ್ಟಿಲು ಹತ್ತಿ ಗೇಟು ದಾಟಿ ಹೊರಟುಹೋದಳು. ಚಿದಂಬರನಿಗೆ ಬೆಳಿಗ್ಗೆಯಿಂದ ರೇವಣಸಿದ್ದಯ್ಯನವರ ಮೇಲಿದ್ದ ಸಿಟ್ಟೆಲ್ಲ ಈಗ ಅವಳ ಮೇಲೆ ತಿರುಗಿತು. ಅಹಂಕಾರಿ. ಇಂಟರ್ನಲ್ ಮಾರ್ಕ್ಸ್ ಕೊಡುವಾಗ ನೋಡಿಕೊಳ್ಳುತ್ತೇನೆ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಬಗ್ಗೆಯೇ ಅಸಹ್ಯಪಟ್ಟುಕೊಂಡ.

ಲೀಸ್ ಎಂಬ ಹುಡುಗಿ ಹತ್ತಿರ ಬಂದಳು. ಎಸ್ಟೋನಿಯಾದ ಕಡೆ ನೀರು ಅಳೆಯುತ್ತಿದ್ದವಳು ಅವಳು. ಅವಳಿಗೂ ಬಿಂದುವಿಗೂ ವಾರವಾರ ಮಾತಾಗುತ್ತಿತ್ತು. ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸುತ್ತ ಕೇಳಿದಳು: ನೀರು ಕೊಳಕೆಂದು ಬಿಂದುವೇ ತಿಳಿಸಿದ್ದಳು, ಆದರೆ ಈಗ ಅವಳೇ ಅರ್ಪಿಸಿದಳು ಎಂದಿರಲ್ಲ, ಹಾಗಾದರೆ ನಾವು ಸ್ವೀಕರಿಸಬೇಕಲ್ಲವೆ? ಇದನ್ನು ಕುಡಿಯಬಹುದೆ?

“ಏನಂತೆ?” ರೇವಣಸಿದ್ದಯ್ಯನವರು ಕೇಳಿದರು.

“ತೀರ್ಥ... ತೊಗೋಬಹುದಾ ಅಂತ.”

“ಆಹಾ! ನೋಡಿ ಸಂಸ್ಕಾರ ಅಂದ್ರೆ!” ಅವರು ಬೆಳ್ಳಿಯ ಬಟ್ಟಲನ್ನು ಕಲ್ಯಾಣಿಯಲ್ಲಿ ಮುಳುಗಿಸಿ ಎತ್ತಿದರು. “ಮೊದಲು ನೀವ್ ತೊಗೊಳ್ಳಿ ಮೇಷ್ಟ್ರೇ. ಹೆಂಗೆ ಅಂತ ನೋಡ್ಕೊಳ್ಲಿ.”

ಬೇಡ ಎನ್ನುವುದು ಸಣ್ಣ ಪದ. ಎರಡೂ ಭಾಷೆಯಲ್ಲಿ ಅದು ಅವನಿಗೆ ಬರುತ್ತಿತ್ತು. ಅವನು ಎಡಗೈ ಮೇಲೆ ಬಲಗೈಯಿಟ್ಟು ಬೊಗಸೆಯನ್ನು ಮುಂದೆ ಚಾಚಿದ. ನೀರು ಬಿತ್ತು. ಹಳದಿಯ ಮೇಲೆ ಜಿಡ್ಡು ತೇಲುತ್ತಿತ್ತು, ಹಾಲಿನ ವಾಸನೆಯ ಅಡಿಯಿಂದ ಮೋರಿಯ ವಾಸನೆ ಮೂಗಿಗೆ ಅಡರಿತು. ಕಣ್ಣು ಮುಚ್ಚಿ ಒಂದೇ ಸಲಕ್ಕೆ ನುಂಗಿ, ಒದ್ದೆ ಕೈಯನ್ನು ತಲೆಗೆ ಸವರಿಕೊಂಡ.

ಕಣ್ಣು ತೆರೆದಾಗ ಲೀಸ್ ಅವನ ಕೈಯನ್ನೇ ನೋಡುತ್ತ, ತನ್ನ ಎಡಗೈ ಮೇಲೆ ಬಲಗೈಯನ್ನು ಸರಿಯಾಗಿ ಕೂಡಿಸಿಕೊಳ್ಳುತ್ತಿದ್ದಳು. ಅವಳ ಹಿಂದೆ ಉಳಿದವರು ಸದ್ದಿಲ್ಲದೆ ಸಾಲಾಗಿ ನಿಂತರು. ನೀರು ಪರೀಕ್ಷೆಗೆಂದು ತಂದಿದ್ದ ಖಾಲಿ ಸೀಸೆಗಳನ್ನು ಒಬ್ಬೊಬ್ಬರೇ ಬಗ್ಗಿ ಮೆಟ್ಟಿಲ ಮೇಲಿಟ್ಟು, ಕೈ ಬಿಡುವು ಮಾಡಿಕೊಂಡು, ಬೊಗಸೆಯೊಡ್ಡಿದರು.