ಅಳತೆ ಕೇಳದ ದರ್ಜಿ

ಐವತ್ತು ದಾಟಿದ ಮೇಲೆ ನಮ್ಮವರಿಗೆ ಮತ್ತೆ ವಿದ್ಯಾರ್ಥಿಯಾಗುವ ಹುಚ್ಚು ಹಿಡಿಯಿತು. ಅರ್ಧ ಆಯುಷ್ಯ ಪಾದ್ರಿಯಾಗಿ ಕಳೆದವರು, ದೇವಶಾಸ್ತ್ರ ಕಾಲೇಜಿನಲ್ಲಿ ಆಪ್ತಸಮಾಲೋಚನೆಯ ಎಂ.ಎ.ಗೆ ಸೇರಿಕೊಂಡರು. ಮಗಳ ವಯಸ್ಸಿನ ಹುಡುಗಿಯರ ಪಕ್ಕ ಕೂತು, ಜನರ ಕಷ್ಟ ಕೇಳುವುದು ಹೇಗೆಂದು ಕಲಿಯತೊಡಗಿದರು. ಹಾಗಾದರೆ ಇಷ್ಟು ವರ್ಷ ಇವರು ಕೇಳಿದ್ದೇನು ಎಂದು ನನಗೆ ನಗು ಬಂತು. ಕೇಳಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಓದಿನಲ್ಲಿ ಇವರು ಮುಂದು. ಮುಗ್ಗರಿಸಿದ್ದು ಪ್ರಾಯೋಗಿಕದಲ್ಲಿ. ಒಬ್ಬರು ಕಲ್ಪಿಸಿಕೊಂಡ ಕಷ್ಟವೊಂದನ್ನು ಹೇಳಿಕೊಳ್ಳಬೇಕು, ಇವರು ಕೇಳಬೇಕು, ಆ ಮಾತುಕತೆಯನ್ನು ರೆಕಾರ್ಡ್ ಮಾಡಿ ಪಾಠ ಹೇಳುವ ಮೇಡಂಗೆ ಒಪ್ಪಿಸಬೇಕು. ಎದುರಿಗಿದ್ದವರು ಅಳತೊಡಗಿದರೋ ಇಲ್ಲವೋ, ಇವರ ಬಾಯಿಂದ "ಪ್ರಾರ್ಥನೆ ಮಾಡೋಣ" ಎಂದು ಬಂದೇಬಿಡುತ್ತಿತ್ತು. ಮೇಡಂ ಎರಡು ಸಲ ವಾಪಸು ಕಳಿಸಿದರು.

"ಪ್ರಾರ್ಥನೆ ತಪ್ಪಲ್ಲ ಪಾದ್ರಿಗಳೇ. ಆದ್ರೆ ನೀವು ಅದನ್ನ ಹಿಡ್ಕೊಂಡು ಓಡಿಹೋಗ್ತಾ ಇದೀರಿ. ದೇವರಿಗೇ ಇಲ್ಲದ ಅವಸರ ನಿಮಗ್ಯಾಕೆ?" ಎಂದರಂತೆ. ಇವರು ಮುಖ ಸಣ್ಣಗೆ ಮಾಡಿಕೊಂಡು ಅದನ್ನು ಹೇಳಿದಾಗ, ಆ ಪುಣ್ಯಾತ್ಗಿತ್ತಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ನನ್ನ ತಂಗಿ ಹೋಗಿ ಆಗ ವರ್ಷ ದಾಟಿತ್ತು. ಅಮ್ಮ ತೀರಿಕೊಂಡ ಮೇಲೆ ನಾನೇ ತಲೆ ಬಾಚಿ, ಬೈದು, ಬೆಳೆಸಿದ ತಂಗಿ. ಅವಳ ಸಮಾಧಿಯ ದಿನ ಪ್ರಸಂಗ ಮಾಡಿದ್ದು ಇವರೇ. ದೇವರು ತನ್ನ ತೋಟದ ಹೂವನ್ನು ಕರೆಸಿಕೊಂಡ ಎಂದರು. ಜನ ಕಣ್ಣೊರೆಸಿಕೊಂಡರು, ಕೈ ಕುಲುಕಿ ಮೆಚ್ಚಿದರು. ಅದೇ ಹೂವು, ಅದೇ ತೋಟ ಹಿಂದಿನ ತಿಂಗಳು ತೊಂಬತ್ತರ ಮುದುಕ ಪೋಸ್ಟ್‌ಮಾಸ್ಟರಿಗೂ ಸಂದಿತ್ತು. ಅವತ್ತು ಹೊತ್ತಿಕೊಂಡ ಸಿಟ್ಟು ನನ್ನೊಳಗೆ ಆರಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ನನಗೆ ಅಳು ಬರುವುದು, ಇವರು ಪ್ರಾರ್ಥನೆಗೆ ಇಳಿಯುವುದು. ಕೊನೆಗೆ ಹೇಳುವುದನ್ನೇ ಬಿಟ್ಟೆ. ಉಪ್ಪು ಮುಗಿದಿದೆ, ನಲ್ಲಿ ಸೋರುತ್ತಿದೆ ಎನ್ನುವುದರಲ್ಲೇ ಸಂಸಾರ ಸಾಗುತ್ತಿತ್ತು. ಹೀಗೇ ಮುದುಕರಾಗಿಬಿಡುತ್ತೇವೆ ಎಂದು ನನಗೆ ಭಯವಾಗುತ್ತಿತ್ತು.

ಆ ಶನಿವಾರ ಇವರ ಜೊತೆ ಅಭ್ಯಾಸಕ್ಕೆ ಬರಬೇಕಿದ್ದ ನರ್ಸ್‌ಗೆ ಜ್ವರ. ಸೋಮವಾರ ರೆಕಾರ್ಡಿಂಗ್ ಕೊಡದಿದ್ದರೆ ಇಡೀ ವರ್ಷ ಮತ್ತೆ ಓದಬೇಕು.

"ನೀನೇ ಕೂತ್ಕೊಳ್ಳೆ. ಏನೋ ಒಂದು ಕಷ್ಟ ಕಟ್ಟಿ ಹೇಳು, ಸಾಕು."

"ಮಧ್ಯದಲ್ಲಿ ಪ್ರಾರ್ಥನೆ ಶುರು ಮಾಡಿದ್ರೆ ಎದ್ದು ಹೋಗ್ತೀನಿ ನೋಡಿ."

ಇವರು ಎರಡು ಕುರ್ಚಿಗಳನ್ನು ಕೊಂಚ ಓರೆಯಾಗಿ ಹಾಕಿದರು. ಮಧ್ಯೆ ಸ್ಟೂಲು, ಸ್ಟೂಲಿನ ಮೇಲೆ ಫೋನು. ರೆಕಾರ್ಡ್ ಒತ್ತಿ, ಪರಿಚಯವೇ ಇಲ್ಲದವರಂತೆ ನನ್ನನ್ನು ಬಹುವಚನದಲ್ಲಿ ಕೇಳಿದರು: "ಹೇಳಿ, ಇವತ್ತು ಯಾವ ವಿಷಯ ಮಾತಾಡೋಣ?"

ನಗು ತಡೆದುಕೊಂಡೆ. ಬಾಯಿಗೆ ಬಂದದ್ದನ್ನು ಹೇಳಿದೆ.

"ನಾನೊಬ್ಬ ದರ್ಜಿಯ ಹೆಂಡತಿ. ನನ್ನ ತಂಗಿ ಸತ್ತಾಗ ಅವಳ ಕೊನೇ ಬಟ್ಟೆ ಹೊಲಿದಿದ್ದು ನನ್ನ ಗಂಡ. ಹೊಲಿಗೆ ಏನು ಅಚ್ಚುಕಟ್ಟು ಅಂತ ಎಲ್ರೂ ಹೊಗಳಿದ್ರು. ಆದ್ರೆ ಅದು ಅವಳ ಅಳತೆ ಅಲ್ಲ. ಯಾರಿಗೋ ಕತ್ತರಿಸಿದ್ದ ಬಟ್ಟೇನೇ ಅವಳಿಗೂ ತೊಡಿಸಿಬಿಟ್ರು."

ಹೇಳುತ್ತಾ ಹೇಳುತ್ತಾ ನನ್ನ ದನಿ ನಡುಗಿತು. ಇವರ ತುಟಿ ಅಲುಗಿದ್ದು ಕಂಡಿತು. ಶುರುವಾಯಿತು ಎಂದುಕೊಂಡೆ. ಇವರು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡು ಪ್ರಾರ್ಥನೆಯನ್ನು ನುಂಗಿಕೊಂಡರು. ಆಮೇಲೆ ಕೇಳಿದರು.

"ಅವರು ಏನು ಮಾಡಬೇಕಿತ್ತು ಅಂತ ಅನ್ಸತ್ತೆ ನಿಮಗೆ?"

"ಅಳತೆ ಕೇಳಬೇಕಿತ್ತು. ನಾನು ಪಕ್ಕದ ಕೋಣೇಲೇ ಇದ್ದೆ."

ದರ್ಜಿ ಯಾರೆಂದು ತಿಳಿಯಲು ಇವರಿಗೆ ಎಂ.ಎ. ಬೇಕಿರಲಿಲ್ಲ. ಕೈ ಚಾಚಿ ರೆಕಾರ್ಡ್ ನಿಲ್ಲಿಸಿದರು.

"ಸೋಮವಾರಕ್ಕೆ ಏನು ಕೊಡ್ತೀರಿ?" ಎಂದೆ.

"ಇದು ಮೇಡಂಗಲ್ಲ. ವರ್ಷ ಹೋದ್ರೆ ಹೋಗಲಿ." ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. "ಅವತ್ತು ನಂಗೆ ಕೈ ಕಾಲೇ ಆಡ್ಲಿಲ್ಲ ಕಣೆ. ನಿನ್ನ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ. ಹಳೇ ಪ್ರಸಂಗ ಕೈಗೆ ಸಿಕ್ತು, ಅದನ್ನೇ ಓದಿಬಿಟ್ಟೆ."

ಇದನ್ನು ಅವತ್ತೇ ಹೇಳಬಾರದಿತ್ತೇ ಎಂದು ಇವರನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು. ಅಷ್ಟರಲ್ಲಿ ಇವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು.

"ಈಗ ಕೇಳ್ಲಾ? ಅವಳು ಕೊನೇಲಿ ಹೇಗಿದ್ಲು?"

ಇಷ್ಟು ದಿನ ಯಾರೂ ಕೇಳಿರಲಿಲ್ಲ.

"ಅವಳಿಗೆ ಹೋಗೋಕೆ ಚೂರೂ ಇಷ್ಟ ಇರ್ಲಿಲ್ಲ ಕಣ್ರೀ," ಎಂದೆ. "ದೇವರು ಕರೆದ ಅಂದ್ರಲ್ಲ, ಇವಳು ಬರಲ್ಲ ಅಂತ ಹಟ ಹಿಡಿದಿದ್ಲು. ನನ್ನ ಸೆರಗು ಮುಷ್ಟೀಲಿ ಹಿಡ್ಕೊಂಡು, 'ಅಕ್ಕಾ, ನನ್ನ ಬಿಟ್ಕೊಡಬೇಡ' ಅಂದ್ಲು. ನಾನು ಬೆರಳು ಬಿಡಿಸಿ ಡಾಕ್ಟರನ್ನ ಕರೆಯೋಕೆ ಹೋದೆ. ವಾಪಸ್ ಬರೋ ಅಷ್ಟರಲ್ಲಿ..."

ನಾಚಿಕೆ ಬಿಟ್ಟು ಜೋರಾಗಿ ಅತ್ತೆ. ಇವರೂ ಅತ್ತರು, ಆದರೆ ಪ್ರಾರ್ಥನೆಗೆ ಇಳಿಯಲಿಲ್ಲ. ನನ್ನ ಬಿಕ್ಕು ನಿಲ್ಲುವವರೆಗೂ ಕಾದು, ಮೆಲ್ಲಗೆ "ಮತ್ತೆ?" ಎಂದರು.