ಅಕ್ಕನಿಗಾಗಿ ಓಡಿದವಳು

ಅಕ್ಕನದು ಮನೆಯಲ್ಲೇ ಹೊಲಿಗೆ ಅಂಗಡಿ. ತಾಯಿಯಿಲ್ಲದ ತಂಗಿಯನ್ನು ಸಾಕಿದವಳೂ ಅವಳೇ. ದುಂಡುದುಂಡಗಿದ್ದ ತಂಗಿಯನ್ನು ‘ಗುಂಡಿ’ ಎಂದೇ ಕರೆಯುತ್ತಿದ್ದಳು. ತನ್ನ ಅಂಗಡಿಯಲ್ಲಿ ಯಾವ ಕಾಜಾಕ್ಕೂ ತೂರದ ಗುಂಡಿ ಇವಳೊಬ್ಬಳೇ ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು.

ಅಕ್ಕನ ಲಿವರ್ ಕೈಕೊಟ್ಟಾಗ ಗುಂಡಿ ಇನ್ನೂ ಕಾಲೇಜಿನಲ್ಲಿದ್ದಳು. ತನ್ನ ಲಿವರಿನ ಒಂದು ಭಾಗ ಕೊಡುತ್ತೇನೆಂದು ಹಟ ಹಿಡಿದಳು. ರಕ್ತದ ಗುಂಪು ಹೊಂದಿತು. ಆದರೆ ಸ್ಕ್ಯಾನ್ ನೋಡಿದ ಡಾಕ್ಟರು, ಇವಳ ಲಿವರಿನಲ್ಲಿ ಕೊಬ್ಬು ಸೇರಿದೆ, ಅದು ಕರಗುವವರೆಗೆ ಆಪರೇಷನ್ ಆಗದು ಎಂದರು.

ಗುಂಡಿ ಊಟ ಇಳಿಸಿದಳು. ಅಕ್ಕನ ಬಳಿಯಿದ್ದ ಭಾವನೊಂದಿಗೆ ಫೋನಿನಲ್ಲಿ ಮಾತಾಡುತ್ತಾ ಸಂಜೆಯೆಲ್ಲ ಮೈದಾನ ಸುತ್ತಿದಳು. ಮುಂದಿನ ಸ್ಕ್ಯಾನಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಮೈದಾನದ ಮೆಟ್ಟಿಲ ಮೇಲೆ ಅಳುತ್ತ ಕೂತವಳನ್ನು ಡ್ರಿಲ್ ಟೀಚರ್ ವಿಚಾರಿಸಿದರು.

“ಮಾತಾಡ್ಕೊಂಡು ನಡೆದರೆ ನಿನಗೆ ಸಾಲದು ಕಣಮ್ಮ. ಬಾಯಿಂದ ಮಾತೇ ಹೊರಡಬಾರದು, ಹಾಗೆ ಓಡು. ಆಮೇಲೆ ನಿಧಾನಕ್ಕೆ ನಡೆ, ಮತ್ತೆ ಓಡು. ಡಾಕ್ಟರನ್ನ ಕೇಳ್ಕೊಂಡು ನಾಳೆ ಬಾ.”

ಡಾಕ್ಟರು ಒಪ್ಪಿದರು. ಮೊದಲ ದಿನ ಗುಂಡಿ ಬೇಲಿ ಹಿಡಿದುಕೊಂಡು ವಾಂತಿ ಮಾಡಿದಳು. ಆದರೂ ಮರುದಿನ ಬಂದಳು. ತೂಕದ ಮುಳ್ಳು ಅಷ್ಟೇನೂ ಇಳಿಯಲಿಲ್ಲ; ಸೊಂಟ ಕರಗಿತು, ಉಸಿರು ಗಟ್ಟಿಯಾಯಿತು, ಆಸ್ಪತ್ರೆಯ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುವಂತಾದಳು. ಕಣ್ಣೆಲ್ಲ ಹಳದಿಗಟ್ಟಿದ್ದ ಅಕ್ಕ ಹಾಸಿಗೆಯಲ್ಲೇ ಕೂತು ಇವಳ ಚೂಡಿದಾರದ ಪಕ್ಕ ಹಿಡಿದು ಹೊಲಿದಳು.

“ನನಗೋಸ್ಕರ ಜೀವ ತೇಯಬೇಡ್ವೇ,” ಅಂದಳು.

“ನಿನ್ನ ಬಿಟ್ಟರೆ ನನಗೆ ಯಾರಿದ್ದಾರೆ?”

ಅಕ್ಕ ದಾರ ಕಡಿದು ಇನ್ನೊಂದು ಪಕ್ಕ ಹಿಡಿದಳು.

ಮೂರನೇ ಸ್ಕ್ಯಾನ್ ಚೆನ್ನಾಗಿ ಬಂತು. ಆಪರೇಷನ್ನಿಗೆ ಸೋಮವಾರ ಗೊತ್ತಾಯಿತು. ಶುಕ್ರವಾರ ಅಕ್ಕನಿಗೆ ಜ್ವರ ಏರಿತು, ಸೋಂಕು ರಕ್ತಕ್ಕಿಳಿಯಿತು. ಈಗಲೇ ತೆಗೆದುಕೊಳ್ಳಿ, ಸೋಮವಾರದವರೆಗೆ ಯಾಕೆ ಕಾಯಬೇಕು ಎಂದು ಗುಂಡಿ ಡಾಕ್ಟರ ಕೈಹಿಡಿದು ಬೇಡಿದಳು. ಸೋಂಕು ಇಳಿಯದೆ ಚಾಕು ಮುಟ್ಟಿಸಲಾಗದು ಎಂದು ಅವರು ತಲೆ ತಗ್ಗಿಸಿದರು. ಭಾನುವಾರ ಬೆಳಿಗ್ಗೆ ಅಕ್ಕ ಹೋಗಿಬಿಟ್ಟಳು.

ಮನೆ ತುಂಬ ಜನ. ದೂರದಿಂದ ಬಂದ ಚಿಕ್ಕಮ್ಮ, ಲಿವರ್ ಕೊಡಲು ಹೊರಟಿದ್ದ ವಿಷಯ ತಿಳಿಯದೆ, ಗುಂಡಿಯ ಬೆನ್ನು ಸವರಿ, ಎಷ್ಟು ಚೆಂದ ಸಣ್ಣಗಾಗಿದ್ದೀಯ, ಏನು ಮಾಡಿದೆ ಎಂದು ಕೇಳಿದರು. ಗುಂಡಿಯ ಬಾಯಿಂದ ಮಾತು ಹೊರಡಲಿಲ್ಲ.

“ಅವಳನ್ನ ಸುಮ್ಮನೆ ಬಿಡಿ ಚಿಕ್ಕಮ್ಮ,” ಅಂದ ಭಾವ.

ಗುಂಡಿ ಒಳಗೆ ಹೋಗಿ ಹೊಲಿಗೆ ಮಷೀನಿನ ಮುಂದೆ ಕುಳಿತಳು. ಎದೆ ನಿಧಾನವಾಗಿ, ಗಟ್ಟಿಯಾಗಿ ಬಡಿಯುತ್ತಿತ್ತು. ಅಷ್ಟು ಆರೋಗ್ಯವನ್ನು ಇಟ್ಟುಕೊಂಡು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.